ಪದ ಪರಿಚಯ: ಬಂಧ, ಬಂಧು, ಬಂಧನ



ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಒಬ್ಬ ಬಾಲಕ ಕೇಳಿದ: “ಪೊಲೀಸರು ಕಳ್ಳನನ್ನು ಬಂಧಿಸಿದರು ಅಂತ ಪಾಠದಲ್ಲಿದೆ. ರಕ್ಷಾಬಂಧನದ ದಿನ ಅಕ್ಕ ನನ್ನನ್ನೂ ಬಂಧಿಸ್ತಾಳಾ?” ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ಸಣ್ಣದಲ್ಲ. ಬಂಧನ ಕೆಟ್ಟದ್ದಾದರೆ ಬಂಧು ಹೇಗೆ ಒಳ್ಳೆಯವನಾದ? ಈ ಸಂಚಿಕೆಯಲ್ಲಿ ಇದನ್ನೇ ಅಭ್ಯಾಸ ಮಾಡೋಣ.

ಮೂಲ: ಸಂಸ್ಕೃತದ ‘ಬಂಧ್’ ಧಾತುವಿಗೆ ‘ಕಟ್ಟು’ ಎಂದರ್ಥ. ಮಕ್ಕಳಿಗೊಂದು ಸ್ವಾರಸ್ಯ: ಇಂಗ್ಲಿಷಿನ ಬೈಂಡ್, ಬಾಂಡ್ ಪದಗಳೂ ಇದೇ ಪ್ರಾಚೀನ ಮೂಲಕ್ಕೆ ಸೇರಿದ ದಾಯಾದಿಗಳು.

ಬಳಕೆ:
ಬಂಧು – ನಮ್ಮೊಡನೆ ನಂಟಿನಿಂದ ಕಟ್ಟಿಕೊಂಡವರು.
ಪ್ರಬಂಧ – ವಿಚಾರಗಳನ್ನು ಕ್ರಮವಾಗಿ ಕಟ್ಟಿದ ಬರಹ.
ನಿರ್ಬಂಧ – ತಡೆ, ಕಟ್ಟುಪಾಡು.
ಬದ್ಧ – ಕಟ್ಟಲ್ಪಟ್ಟ. ಕೊಟ್ಟ ಮಾತಿಗೆ ನಾವು ಬದ್ಧರು. ತಲೆಬುಡವಿಲ್ಲದ ಮಾತು ಅಸಂಬದ್ಧ.
ಅಷ್ಟಬಂಧ – ದೇವರ ವಿಗ್ರಹವು ಪೀಠದಲ್ಲಿ ಅಲುಗಾಡದಂತೆ ನಿಲ್ಲಿಸಲು ಎಂಟು ದ್ರವ್ಯಗಳಿಂದ ತಯಾರಿಸುವ ಅಂಟು. ನಮ್ಮ ಕರಾವಳಿಯ ದೇವಸ್ಥಾನಗಳ ಬ್ರಹ್ಮಕಲಶೋತ್ಸವದಲ್ಲಿ ಈ ಪದವನ್ನು ಕೇಳಿರುತ್ತೀರಿ.

ಬರೆಯುವಾಗ ಎಚ್ಚರ: ‘ಬಂದು’ ಬೇರೆ, ‘ಬಂಧು’ ಬೇರೆ. “ಬಂಧುಗಳು ಬಂದು ಊಟ ಮಾಡಿದರು” ಎಂದು ಮಕ್ಕಳಿಂದ ಬರೆಸಿ, ಗಟ್ಟಿಯಾಗಿ ಓದಿಸಿ.

ನಮ್ಮ ಅಚ್ಚಗನ್ನಡದ ‘ಕಟ್ಟು’ ಪದವನ್ನೂ ನೋಡಿ. ಹಸುವನ್ನು ಗೂಟಕ್ಕೆ ಕಟ್ಟುತ್ತೇವೆ, ಹೂವನ್ನು ಮಾಲೆಯಾಗಿ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ. ಕಟ್ಟುವ ಕೆಲಸ ಒಂದೇ. ಫಲ ಮಾತ್ರ ಬೇರೆ ಬೇರೆ.

ಹಾಗಾದರೆ ಶಾಸ್ತ್ರಗಳು ಬಿಡಬೇಕೆನ್ನುವ ಬಂಧ ಯಾವುದು? ಗೀತೆಯ 1ನೇ ಅಧ್ಯಾಯದಲ್ಲಿ ಅರ್ಜುನ ರಣರಂಗದಲ್ಲಿ ನಿಂತ ಬಂಧುಗಳನ್ನು ಕಂಡೇ ಕುಸಿಯುತ್ತಾನೆ. ಎಲ್ಲವನ್ನೂ ಬಿಟ್ಟು ಕಾಡಿಗೆ ಹೋಗೆಂದು ಶ್ರೀಕೃಷ್ಣ ಹೇಳಲಿಲ್ಲ. ದ್ವೇಷವೂ ಇಲ್ಲದ, ಹಂಬಲವೂ ಇಲ್ಲದವನು ಬಂಧದಿಂದ ಸುಲಭವಾಗಿ ಬಿಡುಗಡೆ ಹೊಂದುತ್ತಾನೆ ಎಂಬುದು 5ನೇ ಅಧ್ಯಾಯದ 3ನೇ ಶ್ಲೋಕದ ಭಾವ. 14ನೇ ಅಧ್ಯಾಯವಂತೂ ಸತ್ತ್ವಗುಣ ಕೂಡ ಸುಖದ ಮತ್ತು ಜ್ಞಾನದ ಅಂಟಿನಿಂದ ಕಟ್ಟಿಹಾಕುತ್ತದೆ ಎನ್ನುತ್ತದೆ. ಅಂದರೆ ಹಗ್ಗ ಇರುವುದು ಸಂಬಂಧದಲ್ಲಲ್ಲ, ನಮ್ಮ ಮನಸ್ಸಿನ ಅಂಟಿನಲ್ಲಿ. 6ನೇ ಅಧ್ಯಾಯದ ಪ್ರಕಾರ ನಮಗೆ ನಾವೇ ಬಂಧು, ನಾವೇ ಶತ್ರು.

ಪರದೇಶದಲ್ಲಿರುವ ನಮಗೆ ಈ ಪಾಠ ಹತ್ತಿರದ್ದು. ಊರಿನಲ್ಲಿ ವಯಸ್ಸಾದ ತಂದೆತಾಯಿ, ಇಲ್ಲಿ ಕೆಲಸ, ಮನೆಸಾಲ, ಮಕ್ಕಳ ಶಾಲೆ. ಅಮ್ಮನಿಗೆ ಫೋನ್ ಮಾಡುವುದೂ ಕೆಲವೊಮ್ಮೆ ಭಾರವೆನಿಸಿದ್ದುಂಟು, ಒಪ್ಪಿಕೊಳ್ಳೋಣ. ಲೆಕ್ಕ ತೀರಿಸಲೆಂದು ಮಾಡಿದ ಕರೆ ಬಂಧನ. ಅವರ ಮಾತು ಕೇಳಲೆಂದು ಮಾಡಿದ ಕರೆ ಬಾಂಧವ್ಯ. ಫೋನ್ ಅದೇ, ಅಮ್ಮ ಅವರೇ.

ಆ ಬಾಲಕನಿಗೆ ನಾವು ಕೊಟ್ಟ ಉತ್ತರವಿಷ್ಟು: “ಹೌದಪ್ಪ, ಅಕ್ಕ ನಿನ್ನನ್ನು ಕಟ್ಟುತ್ತಾಳೆ. ಆದರೆ ಕೈ ಚಾಚುವವನು ನೀನೇ.”

ಮನೆಪಾಠ: ‘ಬಂಧ’ ಇರುವ ಇನ್ನೂ ಐದು ಪದಗಳನ್ನು ಮಕ್ಕಳು ಅಜ್ಜಿ ತಾತನನ್ನು ಫೋನಿನಲ್ಲಿ ಕೇಳಿ ಬರೆದು ತರಲಿ.