ಚೆಂಡು ರಿಂಗಿನಲ್ಲಿ ಸಿಕ್ಕಿಕೊಂಡರೆ ರೆಫರಿ ಏನು ಮಾಡಬೇಕು?

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ಬಂತೆಂದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ದೈಹಿಕ ಶಿಕ್ಷಕರ ಕೊರಳಿಗೆ ರೆಫರಿಯ ವಿಷಲ್ ಬೀಳುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಫೌಲ್, ಟ್ರಾವೆಲಿಂಗ್ ಗುರುತಿಸುವುದು ಅವರಿಗೆ ರೂಢಿಯಾಗಿರುತ್ತದೆ. ತಡವರಿಸುವುದು ಅಪರೂಪಕ್ಕೆ ಎದುರಾಗುವ ವಿಚಿತ್ರ ಪ್ರಸಂಗಗಳಲ್ಲಿ. ಬಯಲು ಅಂಕಣದಲ್ಲಿ ರೀಪ್ಲೇ ನೋಡಲು ಪರದೆ ಇರುವುದಿಲ್ಲ, ಸುತ್ತ ನಿಂತ ಮಕ್ಕಳೆಲ್ಲ ತಲೆಗೊಂದು ತೀರ್ಪು ಕೂಗುತ್ತಿರುತ್ತಾರೆ. ಇಂಥ ಬಹುತೇಕ ಪ್ರಸಂಗಗಳಿಗೆ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮಗಳಲ್ಲಿ ಸ್ಪಷ್ಟ ಉತ್ತರವಿದೆ.

ಮೊದಲ ಕೆಲಸ ಪಂದ್ಯಕ್ಕೂ ಮುಂಚಿನದು: ಅಂಕಣವನ್ನು ಒಂದು ಸುತ್ತು ನಡೆದು ನೋಡಬೇಕು, ತಲೆಯೆತ್ತಿಯೂ ನೋಡಬೇಕು. ಅಂಕಣದ ಮೇಲೆ ಚಾಚಿದ ಮರದ ಕೊಂಬೆಗೋ ವೈರಿಗೋ ತಾಗಿದ ಚೆಂಡು ಔಟ್. ಅದಕ್ಕೂ ಮುನ್ನ ಕೊನೆಯದಾಗಿ ಮುಟ್ಟಿದವರ ಎದುರಾಳಿಗೆ ಥ್ರೋ-ಇನ್. ಕೊಂಬೆಗೆ ಬಡಿದ ಚೆಂಡು ನೇರ ರಿಂಗಿನೊಳಗೆ ಬಿದ್ದರೂ ಅಂಕವಿಲ್ಲ. ಬೋರ್ಡಿನ ಹಿಂಬದಿಗೆ, ಅದನ್ನು ಹೊತ್ತ ಕಂಬಕ್ಕೆ ತಗುಲಿದರೂ ಇದೇ ತೀರ್ಪು. ಇದನ್ನು ಇಬ್ಬರು ಕೋಚ್‌ಗಳಿಗೂ ಮೊದಲೇ ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬಸ್ಸು ತಡವಾಗಿ ಒಂದು ತಂಡ ಬಾರದಿದ್ದರೆ? ನಿಗದಿತ ಸಮಯ ಕಳೆದು 15 ನಿಮಿಷ ಕಾಯಬೇಕು. ಅಷ್ಟರಲ್ಲಿ ಆಡಲು ಸಿದ್ಧರಾದ 5 ಮಂದಿ ಇರದಿದ್ದರೆ ಎದುರಾಳಿಗೆ 20-0 ಗೆಲುವು.

ಇನ್ನು ಚೆಂಡು ರಿಂಗಿಗೂ ಬೋರ್ಡಿಗೂ ನಡುವೆ ಸಿಕ್ಕಿಕೊಳ್ಳುವ ಪ್ರಸಂಗ. ಕೋಲು ತಂದು ಚುಚ್ಚುವವರು, ಕಂಬ ಅಲ್ಲಾಡಿಸುವವರು ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ರೆಫರಿ ತಕ್ಷಣ ವಿಷಲ್ ಊದಿ ಜಂಪ್ ಬಾಲ್ ಸನ್ನೆ ತೋರಿಸಬೇಕು. ಹಾಗೆಂದು ಇಬ್ಬರನ್ನು ನಿಲ್ಲಿಸಿ ಚೆಂಡು ಮೇಲೆಸೆಯುವುದಲ್ಲ. ಅದು ಪಂದ್ಯದ ಆರಂಭದಲ್ಲಿ ಮಾತ್ರ. ಸ್ಕೋರರ್ ಮೇಜಿನ ಮೇಲಿನ ಬಾಣದ ಗುರುತು ಯಾರ ಕಡೆಗಿದೆಯೋ ಅವರಿಗೆ ಥ್ರೋ-ಇನ್. ಬಾಣಕ್ಕೆ ರಟ್ಟಿನ ತುಂಡು ಸಾಕು. ಆದರೆ ಅದನ್ನು ತಿರುಗಿಸುವ ಹೊತ್ತು ಮುಖ್ಯ: ಎಸೆದ ಚೆಂಡು ಅಂಕಣದೊಳಗಿನ ಆಟಗಾರನನ್ನು ಮುಟ್ಟಿದ ಮೇಲೆಯೇ ತಿರುಗಿಸಬೇಕು. ಹೊಸ ಸ್ಕೋರರ್‌ಗಳು ರೆಫರಿ ಚೆಂಡು ಕೊಟ್ಟ ಕೂಡಲೇ ತಿರುಗಿಸಿ ಗೊಂದಲ ಎಬ್ಬಿಸುತ್ತಾರೆ. ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದು ಸಿಕ್ಕಿಕೊಂಡರೆ ಬಾಣದ ಮಾತೇ ಇಲ್ಲ, ಚೆಂಡು ತೆಗೆದು ಎರಡನೆಯದನ್ನು ಎಸೆಯಿಸಿದರಾಯಿತು.

ಗಾಬರಿಯಲ್ಲಿ ಹುಡುಗನೊಬ್ಬ ತನ್ನದೇ ಬ್ಯಾಸ್ಕೆಟ್‌ಗೆ ಚೆಂಡು ಹಾಕಿದರೆ ಎದುರಾಳಿಗೆ 2 ಅಂಕ. ಅಂಕಣದಲ್ಲಿರುವ ಆ ತಂಡದ ನಾಯಕನ ಹೆಸರಿಗೆ ಬರೆಯಬೇಕು. ಬೇಕೆಂದೇ ಹಾಕಿದ್ದರೆ ಅದು ವಯಲೇಷನ್, ಅಂಕವಿಲ್ಲ. ಅರ್ಧ ವಿರಾಮದ ನಂತರ ಎರಡೂ ತಂಡಗಳು ಬದಿ ಬದಲಿಸುವುದನ್ನೇ ಮರೆತು ಆಡತೊಡಗಿದರೆ, ತಿಳಿದ ಕೂಡಲೇ ಆಟ ನಿಲ್ಲಿಸಿ ದಿಕ್ಕು ಸರಿಪಡಿಸಬೇಕು. ಅಲ್ಲಿಯವರೆಗಿನ ಅಂಕ, ಫೌಲ್, ಕಳೆದ ಸಮಯ ಎಲ್ಲವೂ ಲೆಕ್ಕಕ್ಕೆ.

ಅಂಕಣಕ್ಕೆ ನಾಯಿ ನುಗ್ಗಿದರೆ ಮಕ್ಕಳ ಸುರಕ್ಷತೆಗಾಗಿ ಆಟ ನಿಲ್ಲಿಸಲೇಬೇಕು. ಚೆಂಡು ಯಾರ ಹಿಡಿತದಲ್ಲಿತ್ತೋ ಅವರಿಗೇ, ಹತ್ತಿರದ ಜಾಗದಿಂದ ಥ್ರೋ-ಇನ್. ವಿಷಲ್ ಊದುವಾಗ ಶಾಟ್ ಗಾಳಿಯಲ್ಲಿದ್ದು ಒಳಗೆ ಬಿದ್ದರೆ ಅಂಕ ಸಲ್ಲುತ್ತದೆ. ತಪ್ಪಿದರೆ ಬಾಣವೇ ಉತ್ತರ. ಇಲ್ಲಿ ಆತುರ ಬೇಡ, ಆ ಕ್ಷಣದಲ್ಲಿ ಚೆಂಡು ಎಲ್ಲಿತ್ತು ಎಂದು ಜೊತೆಗಿರುವ ರೆಫರಿಯನ್ನೂ ಕೇಳಿಕೊಳ್ಳಬೇಕು.

ಮೊಣಕಾಲು ತರಚಿ ರಕ್ತ ಬರುತ್ತಿರುವ ಆಟಗಾರನನ್ನು ಆಡಲು ಬಿಡುವಂತಿಲ್ಲ. ರಕ್ತ ನಿಂತು, ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಮರಳಿ ಪ್ರವೇಶ. ಫೌಲ್‌ಗಳಿಂದ ಹೊರಹೋಗಿ ತಂಡದಲ್ಲಿ ಒಬ್ಬನೇ ಉಳಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ಎದುರಾಳಿ ಮುಂದಿದ್ದರೆ ಇದ್ದ ಸ್ಕೋರೇ ಅಂತಿಮ, ಇಲ್ಲವಾದರೆ 2-0.

ಮೇಜಿನ ಬಳಿ ಕೂತವರ ಎಡವಟ್ಟು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಸಾಕ್ಷಿ. ಅಮೆರಿಕ 50-49ರಿಂದ ಮುಂದಿತ್ತು, ಉಳಿದದ್ದು 3 ಸೆಕೆಂಡ್. ಟೈಮ್‌ಔಟ್ ಕುರಿತು ಮೇಜಿನ ಬಳಿ ಎದ್ದ ಗದ್ದಲದಿಂದ ಆಟ ನಿಂತಿತು. ಫಿಬಾ ಕಾರ್ಯದರ್ಶಿ ವಿಲಿಯಂ ಜೋನ್ಸ್ ಮಧ್ಯೆ ಬಂದು ಗಡಿಯಾರವನ್ನು 3 ಸೆಕೆಂಡಿಗೆ ಮರಳಿಸಲು ಹೇಳಿದರು. ಗಡಿಯಾರ ಸರಿಹೊಂದುವ ಮುನ್ನವೇ ಆಟ ಶುರುವಾಗಿ ಹಾರ್ನ್ ಮೊಳಗಿತು, ಅಮೆರಿಕನ್ನರು ಕುಣಿದಾಡಿದರು. ಮತ್ತೆ ಅದೇ 3 ಸೆಕೆಂಡ್ ಆಡಿಸಿದಾಗ ಅಲೆಕ್ಸಾಂಡರ್ ಬೆಲೋವ್ ಚೆಂಡು ಹಾಕಿ ಸೋವಿಯತ್ ತಂಡವನ್ನು 51-50ರಿಂದ ಗೆಲ್ಲಿಸಿದರು. ಬ್ರೆಜಿಲ್‌ನ ರೆಫರಿ ರೆನಾಟೊ ರಿಗೆಟ್ಟೊ ಸ್ಕೋರ್‌ಶೀಟ್‌ಗೆ ಸಹಿ ಹಾಕಲಿಲ್ಲ. ಅಮೆರಿಕನ್ನರು ಬೆಳ್ಳಿ ಪದಕ ಸ್ವೀಕರಿಸಲಿಲ್ಲ.

ಆದ್ದರಿಂದ ಪ್ರತಿ ಬಾರಿ ಆಟ ನಿಂತಾಗಲೂ ಕ್ರಮ ಹೀಗಿರಲಿ: ವಿಷಲ್, ಗಡಿಯಾರ ನಿಂತಿದೆಯೇ ಎಂಬ ಖಾತರಿ, ಜೊತೆ ರೆಫರಿಯೊಂದಿಗೆ ಎರಡು ಮಾತು, ಇಬ್ಬರು ನಾಯಕರನ್ನೂ ಕರೆದು ತೀರ್ಪು, ಟೈಮರ್ ಕೈಸನ್ನೆ ಮಾಡಿದ ಮೇಲೆ ಚೆಂಡು. ಇದೇ ಅಭ್ಯಾಸ ಫ್ರೀ ಥ್ರೋನಲ್ಲೂ ನೆರವಾಗುತ್ತದೆ. ಫೌಲಿಗೆ ಒಳಗಾದವನ ಬದಲು ಬೇರೆ ಹುಡುಗ ಬಂದು ನಿಂತಿದ್ದರೆ, ಚೆಂಡು ಅವನ ಕೈಬಿಡುವ ಮೊದಲು ಗಮನಿಸಿದರೆ ಸರಿಯಾದವನನ್ನು ಕರೆದು ಎಸೆಯಿಸಿದರೆ ಸಾಕು, ದಂಡವಿಲ್ಲ. ಎಸೆದ ಮೇಲೆ ತಿಳಿದರೆ ಆ ಎಸೆತ ರದ್ದು, ಚೆಂಡು ಎದುರಾಳಿಯ ಪಾಲು. ನಿಯಮಗಳು ಹೇಳದೇ ಬಿಟ್ಟ ವಿಷಯ ಎದುರಾದಾಗ ತೀರ್ಮಾನಿಸುವ ಅಧಿಕಾರ ಮುಖ್ಯ ರೆಫರಿಯದು, ಸಂಘಟಕರದ್ದೂ ಅಲ್ಲ, ಅತಿಥಿಗಳದ್ದೂ ಅಲ್ಲ.