ಮನೆಗೆ ಯಾವ ಪತ್ರಿಕೆ ತರಿಸಬೇಕು?

ನಮ್ಮ ಸುಳ್ಯದ ಕಡೆ ಮಳೆಗಾಲ ಎದುರಿಸಲು ಬೇಸಗೆಯಿಡೀ ದುಡಿಯಬೇಕು. ಮೇ ಮುಗಿಯುವುದರೊಳಗೆ ಕೊಟ್ಟಿಗೆಗೆ ಸೌದೆ, ಭರಣಿಗೆ ಉಪ್ಪುಸೊಳೆ, ಡಬ್ಬಿಗೆ ಹಪ್ಪಳ, ಸಾಂತಾಣಿ ಸೇರಿರಬೇಕು. ಜೂನ್ ಹಿಡಿದ ಮೇಲೆ ಕರೆಂಟಿನ ಭರವಸೆ ಇಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿ ರಸ್ತೆಯೇ ಮುಚ್ಚಿಹೋದಾಗ, ಮನೆಯಲ್ಲಿ ಏನಿದೆ, ನಮಗೆ ಏನು ಮಾಡಲು ಬರುತ್ತದೆ ಎನ್ನುವುದೇ ಮುಖ್ಯವಾಯಿತು. ಇಂಥ ಬದುಕಿಗೆ ಪತ್ರಿಕೆಯೂ ಕತ್ತಿ, ಹಾರೆಗಳ ಹಾಗೆ ಒಂದು ಸಲಕರಣೆ. ಅದನ್ನು ಆರಿಸುವಾಗಲೂ ಅಲಗು ನೋಡಿಯೇ ತರಬೇಕು. ವರ್ಷಗಳ ಓದಿನಿಂದ ನಾನು ಕಂಡುಕೊಂಡದ್ದು ಇಷ್ಟು.

ಮೊದಲು ನೋಡಬೇಕಾದದ್ದು ಅಳತೆ. ಅಡಿಕೆಯ ಕೊಳೆರೋಗಕ್ಕೆ 'ಸಕಾಲದಲ್ಲಿ ಬೋರ್ಡೋ ಸಿಂಪಡಿಸಿ' ಎಂದು ಬರೆದರೆ ತೋಟದವನಿಗೆ ಏನೂ ಸಿಕ್ಕಿದ ಹಾಗಾಗಲಿಲ್ಲ. ಒಳ್ಳೆಯ ಪತ್ರಿಕೆ ಪೂರ್ತಿ ಹೇಳುತ್ತದೆ: ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತು 50 ಲೀಟರಿನಲ್ಲಿ, ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಬೇಕು. ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ಪಾತ್ರೆ ಕಬ್ಬಿಣದ್ದಾಗಬಾರದು. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಮಾಡಿದ ದಿನವೇ ಸಿಂಪಡಿಸಿ ಮುಗಿಸಬೇಕು. ಮೊದಲ ಮದ್ದು ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40-45 ದಿನದ ಮೇಲೆ. ಪ್ರಮಾಣ, ಕ್ರಮ, ಹೊತ್ತು, ಸರಿಯಾಯಿತೇ ಎಂದು ನೋಡುವ ಪರೀಕ್ಷೆ ಈ ನಾಲ್ಕೂ ಇರುವ ಬರಹವನ್ನು ಹಿಡಿದು ನೇರ ಅಂಗಳಕ್ಕಿಳಿಯಬಹುದು.

ಎರಡನೆಯದು, ಬರೆದವರು ಯಾರು ಎಂಬುದು. ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ನನ್ನ ಪಾಲಿಗೆ ಇದರ ದೊಡ್ಡ ಪಾಠಶಾಲೆ. ಶ್ರೀ ಪಡ್ರೆಯವರು ಮತ್ತು ಅವರ ಜೊತೆಯವರು ಕೃಷಿಕರ ಕೈಗೇ ಲೇಖನಿ ಕೊಡುವ ಆಶಯದಿಂದ ಅದನ್ನು ಬೆಳೆಸಿದರು. ಅಲ್ಲಿ ಬರೆಯುವವರು ಸ್ವತಃ ತೋಟ ಮಾಡುವವರು. 2021ರಲ್ಲಿ ಈ ಪತ್ರಿಕೆ ಬಾಳೆಕಾಯಿ ಹುಡಿಯ ವಿಚಾರವನ್ನು ಕೈಗೆತ್ತಿಕೊಂಡಾಗ ಮಲೆನಾಡು, ಕರಾವಳಿಯ ಗೃಹಿಣಿಯರು 'ಬಾಕಾಹು' ಎಂಬ ಹೆಸರಿನಲ್ಲಿ ಮನೆಮನೆಯಲ್ಲಿ ಹುಡಿ ಮಾಡಿ, ರೊಟ್ಟಿ ತಟ್ಟಿ, ಕಂಡದ್ದನ್ನು ಒಬ್ಬರಿಗೊಬ್ಬರು ತಿಳಿಸಿದರು. ಬೆಲೆಯಿಲ್ಲದೆ ಉಳಿಯುವ ಗೊನೆಗೆ ನಮ್ಮ ಅಡುಗೆಮನೆಯಲ್ಲೇ ದಾರಿ ಇದೆಯೆಂದು ತೋರಿಸಿದ್ದು ಈ ಮಾಡಿದವರ ಮಾತು. ಅದಕ್ಕಿರುವ ಬಲ ಕೇಳಿ ಬರೆದ ಲೇಖನಕ್ಕೆ ಬಾರದು.

ಮೂರನೆಯದು ಊರು, ಮಳೆ, ಮಣ್ಣು. ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರ್ ಮಾಡಿನ ಮೇಲೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕ ಎಲ್ಲ ಊರಿಗೂ ಒಂದೇ. 3,500 ಮಿ.ಮೀ. ಮಳೆಯಲ್ಲಿ 100 ಚದರ ಮೀಟರ್ ಮಾಡಿನಿಂದ ಮೂರೂವರೆ ಲಕ್ಷ ಲೀಟರ್ ಇಳಿಯುತ್ತದೆ. ಆದರೆ ಆ ನೀರನ್ನು ಏನು ಮಾಡಬೇಕೆಂಬುದು ಊರೂರಿಗೆ ಬೇರೆ. ಬಯಲುಸೀಮೆಗೆ ವರವಾದ ಇಂಗುಗುಂಡಿಯನ್ನು ನಮ್ಮ ಕಡಿದಾದ ಗುಡ್ಡದಲ್ಲಿ ಮನೆಯ ಮೇಲ್ಬದಿಗೆ ತೋಡಿದರೆ ಗುಡ್ಡ ಜರಿಯುವ ಅಪಾಯವಿದೆ. ಎಲ್ಲಿ ಮಾಡಬೇಕು ಎಂಬಷ್ಟೇ ಗಟ್ಟಿಯಾಗಿ ಎಲ್ಲಿ ಮಾಡಬಾರದು ಎಂದು ಹೇಳುವ ಪತ್ರಿಕೆಯನ್ನು ನಾನು ನಂಬುತ್ತೇನೆ.

ಜಾಹೀರಾತನ್ನೂ ನೋಡಬೇಕು. ಯಾವ ಯಂತ್ರದ ಜಾಹೀರಾತು ಇದೆಯೋ ಅದೇ ಯಂತ್ರದ ಗುಣಗಾನ ಪಕ್ಕದ ಪುಟದಲ್ಲಿದ್ದರೆ ಎಚ್ಚರ ಬೇಕು. ಖರ್ಚು, ನಷ್ಟ, ಕೈಕೊಟ್ಟ ಪ್ರಯೋಗ ಯಾವುದೂ ಕಾಣದೆ ಬರೀ ಲಕ್ಷಾಂತರ ಲಾಭದ ಕಥೆಗಳೇ ತುಂಬಿದ್ದರೆ ಚಂದಾ ಕಟ್ಟುವ ಅಗತ್ಯವಿಲ್ಲ.

ಹಾಗಾದರೆ ಎಷ್ಟು ಪತ್ರಿಕೆ ಬೇಕು? ಮೂರು ಸಾಕು. ತಮ್ಮ ಬೆಳೆ, ತಮ್ಮ ಸೀಮೆಗೆ ಸೇರಿದ್ದು ಒಂದು. ಹೊರಗಿನ ಖರ್ಚು ತಗ್ಗಿಸುವ ಬೇಸಾಯ ಬೇರೆ ಊರುಗಳಲ್ಲಿ ಹೇಗೆ ನಡೆದಿದೆಯೆಂದು ತಿಳಿಯಲು 'ಲೀಸಾ ಇಂಡಿಯಾ'ದ ಕನ್ನಡ ಆವೃತ್ತಿಯಂಥದ್ದು ಒಂದು. ಮಕ್ಕಳೂ ಹಿರಿಯರೂ ಕೂಡಿ ಓದಿ 'ಯಾಕೆ ಹೀಗೆ' ಎಂದು ಕೇಳುವುದನ್ನು ಕಲಿಯಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದಂಥದ್ದು ಒಂದು. ಚಂದಾ ಕಟ್ಟುವ ಮೊದಲು ನೆಂಟರಿಂದಲೋ ಗ್ರಂಥಾಲಯದಿಂದಲೋ ಹಳೆಯ ಸಂಚಿಕೆಗಳನ್ನು ತಂದು ಓದಿ. ಎರಡು ವರ್ಷ ಹಳೆಯ ಸಂಚಿಕೆಯಿಂದ ಇವತ್ತೂ ಒಂದು ಕೆಲಸ ಕಲಿಯಬಹುದಾದರೆ ಆ ಪತ್ರಿಕೆ ತರಿಸಲು ಯೋಗ್ಯ.

ತರಿಸಿದ ಮೇಲೆ ಬೇಕಾದಾಗ ಕೈಗೆ ಸಿಗಬೇಕು. ನಮ್ಮಲ್ಲಿ ಒಂದು ನೋಟುಪುಸ್ತಕವಿದೆ. ನೀರು, ಅಡುಗೆ, ಹಟ್ಟಿ, ಮದ್ದು, ರಿಪೇರಿ ಎಂದು ವಿಷಯವಾರು ಪುಟ ಮಾಡಿ, ಯಾವ ತಿಂಗಳ ಸಂಚಿಕೆ, ಎಷ್ಟನೆಯ ಪುಟ ಎಂದು ಬರೆದಿಡುತ್ತೇವೆ. ಮಳೆಯ ರಾತ್ರಿ ಕರೆಂಟೂ ಇಲ್ಲ, ಮೊಬೈಲಿಗೆ ಸಿಗ್ನಲೂ ಇಲ್ಲ ಎಂದಾಗ ಟಾರ್ಚಿನ ಬೆಳಕಿಗೆ ಓದಲು ಸಿಗುವುದು ಅಚ್ಚಾದ ಪುಟ ಮಾತ್ರ. ಸಂಚಿಕೆಗಳನ್ನು ಅಟ್ಟದಲ್ಲಿ ಗೆದ್ದಲಿಗೆ ಬಿಡದೆ, ಒಲೆಯ ಬಿಸಿ ತಾಗುವ ಗೋಡೆಯ ಕಪಾಟಿನಲ್ಲಿಟ್ಟರೆ ಥಂಡಿಗೂ ಹಾಳಾಗವು.

ಕೊನೆಯದಾಗಿ ಒಂದು ಕೋರಿಕೆ. ಓದಿದ್ದನ್ನು ಮಾಡಿ ನೋಡಿದವರು ಸಂಪಾದಕರಿಗೆ ಒಂದು ಕಾರ್ಡಾದರೂ ಬರೆಯಿರಿ: ನಿಮ್ಮ ಮಣ್ಣಿನಲ್ಲಿ ಏನಾಯಿತು, ಎಷ್ಟು ಖರ್ಚಾಯಿತು, ಯಾವುದನ್ನು ಬದಲಿಸಿಕೊಂಡಿರಿ. ಮಾಡಿದವರು ಬರೆಯುವಷ್ಟು ಕಾಲವೇ ಇಂಥ ಪತ್ರಿಕೆಗಳು ಉಪಯೋಗಕ್ಕೆ ಬರುತ್ತವೆ.