ಕೇಳಿದ ಹಾಡು, ಕಲಿತ ಹಾಡು: ಮೆದುಳಿನ ಪಾಠಕ್ಕೊಂದು ಉದಾಹರಣೆ

ಪೀಠಿಕೆ

ಮುಮ್ಮೆದುಳು ನೆನಪು ಮತ್ತು ಆಲೋಚನೆಯ ಕೇಂದ್ರ ಎಂಬ ವಾಕ್ಯವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಸುಲಭವಾಗಿ ಒಪ್ಪಿಸುತ್ತಾರೆ. ಆದರೆ ನೆನಪು ಉಳಿದಾಗ ನರಕೋಶಗಳಲ್ಲಿ ಏನು ಬದಲಾಗುತ್ತದೆ ಎಂಬ ಪ್ರಶ್ನೆಗೆ ಮೆದುಳಿನ ಚಿತ್ರಪಟವೊಂದೇ ಸಾಲದು. ಬೋಧನಾಭ್ಯಾಸದಲ್ಲಿ ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ, ಹಾಡುಹಕ್ಕಿಗಳು ಪರಿಚಿತ ಹಾಡನ್ನು ಗುರುತಿಸುವ ಬಗೆ.

ವಿಷಯ ವಿವರಣೆ

ಹಾಡುವ ಹಕ್ಕಿ ಯಾವುದು ಎಂದರೆ ಮಕ್ಕಳು ಮೊದಲು ಹೇಳುವ ಹೆಸರು ಕೋಗಿಲೆ. ಜೀವವಿಜ್ಞಾನದ ವರ್ಗೀಕರಣದಲ್ಲಿ ಅದು ಹಾಡುಹಕ್ಕಿಗಳ ಗುಂಪಿಗೆ ಸೇರದು. ಕಾಗೆಯ ಗೂಡಿನಲ್ಲಿ ಬೆಳೆದರೂ ಅದು ಕೋಗಿಲೆಯಂತೆಯೇ ಕೂಗುತ್ತದೆ. ಹಾಡುಹಕ್ಕಿಯ ಮರಿಯಾದರೋ ಹಿರಿಯ ಹಕ್ಕಿಯ ಹಾಡನ್ನು ಕೇಳಿಸಿಕೊಂಡು ಕಲಿಯುತ್ತದೆ.

ಆಸ್ಟ್ರೇಲಿಯಾ ಮೂಲದ ಝೀಬ್ರಾ ಫಿಂಚ್ ಅಂಥದೊಂದು ಹಕ್ಕಿ. ತನ್ನ ಜಾತಿಯ ಹಾಡು ಕಿವಿಗೆ ಬಿದ್ದಾಗ ಅದರ ಮುಮ್ಮೆದುಳಿನ ಶ್ರವಣ ಭಾಗದಲ್ಲಿ 'ಝೆಂಕ್' ಎಂಬ ಜೀನ್ ಚುರುಕಾಗುವುದನ್ನು ಮೆಲ್ಲೊ, ವಿಕಾರಿಯೊ ಮತ್ತು ಕ್ಲೇಟನ್ 1992ರಲ್ಲಿ ತೋರಿಸಿದರು. ಅದೇ ಹಾಡನ್ನು ಮತ್ತೆ ಮತ್ತೆ ಕೇಳಿಸಿದರೆ ಈ ಪ್ರತಿಕ್ರಿಯೆ ಕುಗ್ಗುತ್ತದೆ. ಹೊಸ ಹಾಡು ಹಾಕಿದರೆ ಮತ್ತೆ ಏರುತ್ತದೆ ಎಂದು 1995ರ ಪ್ರಯೋಗಗಳು ತಿಳಿಸಿದವು. ಅಂದರೆ ಇದು ದಣಿವಲ್ಲ, ಆ ಒಂದು ಹಾಡಿನ ಗುರುತು. ನರಕೋಶಗಳ ವಿದ್ಯುತ್ ಪ್ರತಿಕ್ರಿಯೆಯೂ ಹೀಗೆಯೇ ಇಳಿಯುತ್ತದೆ. ಆ ಇಳಿಕೆ ಬಹುಕಾಲ ಉಳಿಯಬೇಕಾದರೆ ಹೊಸ ಪ್ರೋಟೀನ್ ತಯಾರಾಗಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಪ್ರಯೋಗವನ್ನು ಇಟ್ಟು ನೋಡಬೇಕು. ಯುರೋಪಿನ ಸ್ಟಾರ್ಲಿಂಗ್ ನಮ್ಮ ಗೊರವಂಕದ ಕುಟುಂಬದ್ದು. ಜೆಂಟ್ನರ್ ಮತ್ತು ಮಾರ್ಗೋಲಿಯಾಶ್ ಈ ಹಕ್ಕಿಗಳಿಗೆ ಕೆಲವು ಹಾಡುಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸಲು ಆಹಾರದ ಬಹುಮಾನವಿಟ್ಟು ತರಬೇತಿ ಕೊಟ್ಟರು. ಬಳಿಕ ಶ್ರವಣ ಭಾಗದ ಇನ್ನೊಂದು ಪ್ರದೇಶದ ನರಕೋಶಗಳನ್ನು ಪರೀಕ್ಷಿಸಿದಾಗ, ಹೊಸ ಹಾಡುಗಳಿಗಿಂತ ಕಲಿತ ಹಾಡುಗಳಿಗೇ ಅವು ಹೆಚ್ಚು ಸ್ಪಂದಿಸಿದವು. ಈ ಫಲಿತಾಂಶ 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಎರಡೂ ಕಡೆ ಹಾಡು ಪರಿಚಿತವೇ. ಸುಮ್ಮನೆ ಕೇಳಿ ಪರಿಚಿತವಾದಾಗ ಒಂದು ಪ್ರದೇಶದ ಪ್ರತಿಕ್ರಿಯೆ ತಗ್ಗಿತು. ಬೇರ್ಪಡಿಸಿ ಗುರುತಿಸಬೇಕಾಗಿ ಬಂದಾಗ ಇನ್ನೊಂದರ ಪ್ರತಿಕ್ರಿಯೆ ಹೆಚ್ಚಿತು. ಹಕ್ಕಿಯ ಜಾತಿ, ಮೆದುಳಿನ ಪ್ರದೇಶ, ತರಬೇತಿ ಮೂರೂ ಬೇರೆಯಾದ್ದರಿಂದ ಇವನ್ನು ನೇರವಾಗಿ ತೂಗಿ ನೋಡಲಾಗದು ಎಂಬುದನ್ನೂ ತರಗತಿಯಲ್ಲಿ ಹೇಳಿದೆ. ಆದರೂ 'ನೆನಪು' ಎಂಬ ಒಂದೇ ಪದದೊಳಗೆ ಒಂದಕ್ಕಿಂತ ಹೆಚ್ಚು ಬಗೆಯ ಬದಲಾವಣೆಗಳಿವೆ ಎಂಬುದು ಮಕ್ಕಳಿಗೆ ಸ್ಪಷ್ಟವಾಯಿತು.

ಚಟುವಟಿಕೆ

ಮೇಜು ತಟ್ಟಿ ನುಡಿಸುವ ಐದು ಲಯಗಳನ್ನು ಸಿದ್ಧಪಡಿಸಿಕೊಂಡೆ. ಒಂದು ಗುಂಪು ಅವನ್ನು ಹಲವು ಬಾರಿ ಕೇಳಿತು, ಅಷ್ಟೆ. ಇನ್ನೊಂದು ಗುಂಪು ಅಷ್ಟೇ ಬಾರಿ ಕೇಳಿ, ಪ್ರತಿ ಸಲವೂ ಲಯದ ಸಂಖ್ಯೆಯಿರುವ ಚೀಟಿ ಎತ್ತಿತು. ಸರಿಯೋ ತಪ್ಪೋ ಕೂಡಲೇ ತಿಳಿಸಿದೆ. ಕೊನೆಗೆ ಹೊಸ ಲಯಗಳನ್ನು ಬೆರೆಸಿ ನುಡಿಸಿದೆ. 'ಇದನ್ನು ಕೇಳಿದ್ದೇವೆ' ಎಂದು ಮೊದಲ ಗುಂಪೂ ಹೇಳಿತು. ಎಷ್ಟನೆಯ ಲಯ ಎಂದಾಗ ತಡವರಿಸಿತು. ಎರಡನೆಯ ಗುಂಪಿನ ಹೆಚ್ಚಿನವರು ಥಟ್ಟನೆ ಚೀಟಿ ಎತ್ತಿದರು.

ಮೌಲ್ಯಮಾಪನ

1. ಪ್ರತಿಕ್ರಿಯೆ ಕುಗ್ಗಿದ್ದು ದಣಿವಿನಿಂದಲ್ಲ ಎಂದು ಹೇಗೆ ತಿಳಿಯಿತು?
2. ಹಾಡುಹಕ್ಕಿಗೂ ಕೋಗಿಲೆಗೂ ಕಲಿಕೆಯಲ್ಲಿ ಇರುವ ವ್ಯತ್ಯಾಸವೇನು?

ಸಹ ಪ್ರಶಿಕ್ಷಣಾರ್ಥಿಗಳಿಗೆ

ಹಕ್ಕಿಯ ಮೆದುಳಿನ ಫಲಿತಾಂಶವನ್ನು ಮಕ್ಕಳ ಕಲಿಕೆಗೆ ಹಾಗೆಯೇ ಅನ್ವಯಿಸಬಾರದು. ಆದರೆ 'ಅರ್ಥವಾಯಿತೇ?' ಎಂದಾಗ ಇಡೀ ತರಗತಿ 'ಹೌದು ಸಾರ್' ಎನ್ನುವುದು ನಮಗೆಲ್ಲ ಗೊತ್ತು. ಆ 'ಹೌದು' ಕೇಳಿದ ನೆನಪಿನದೋ, ಗುರುತಿಸಬಲ್ಲ ಕಲಿಕೆಯದೋ? ಹತ್ತಿರ ಹತ್ತಿರದ ಎರಡು ಉದಾಹರಣೆ ಕೊಟ್ಟು ಬೇರ್ಪಡಿಸಲು ಹೇಳಿದರೆ ತಿಳಿಯುತ್ತದೆ. ನನ್ನ ಮುಂದಿನ ಪಾಠಯೋಜನೆಗಳಲ್ಲಿ ಪುನರಾವರ್ತನೆಯ ಹಂತದಲ್ಲಿ ಇಂಥ ಒಂದು ಪ್ರಶ್ನೆಯನ್ನಾದರೂ ಸೇರಿಸುತ್ತಿದ್ದೇನೆ.